ಬೂಸಲು ಹಿಡಿದ ಶೇಂಗಾ ನಾಯಿಗೂ ಬೇಡ

ಕಿತ್ತ ಶೇಂಗಾ ಒಣಗುವ ಮೊದಲೇ ಮಳೆ ಹಿಡಿದುಕೊಂಡರೆ ಆಂಧ್ರದ ಅನಂತಪುರ ಜಿಲ್ಲೆಯ ರಾಯದುರ್ಗದ ಕಡೆ ಮನೆಮಂದಿಯೆಲ್ಲ ಕೂತು ಕಾಯಿ ಆರಿಸುತ್ತಾರೆ. ಮುರುಟಿದ ಬೀಜ, ಹಸಿರು ಬೂಸಲು ಹತ್ತಿದ ಬೀಜ ಹಿತ್ತಲಿಗೆ ಬೀಳುತ್ತವೆ. ಹಿತ್ತಲಲ್ಲಿ ನಾಯಿ ಇರುತ್ತದೆ.

ಆ ಬೂಸಲಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಮರಿಗಳು ಸತ್ತಾಗ, ಕಾರಣ ಹುಡುಕಿದವರಿಗೆ ಸಿಕ್ಕಿದ್ದು ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿ. ಈ ವಿಷ ನೇರವಾಗಿ ಪಿತ್ತಜನಕಾಂಗಕ್ಕೆ ಬಡಿಯುತ್ತದೆ. ನಾಯಿ ಊಟ ಬಿಡುತ್ತದೆ, ವಾಂತಿ ಮಾಡಿಕೊಳ್ಳುತ್ತದೆ, ಕಣ್ಣು, ವಸಡು ಹಳದಿಗೆ ತಿರುಗುತ್ತವೆ. ಹುರಿದರೂ ವಿಷ ಪೂರ್ತಿ ಹೋಗದು. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಬೂಸಲು ಹೊಲದಲ್ಲೇ ಸೇರಿಕೊಳ್ಳುತ್ತದೆ. ದೇಶದ ಅತಿ ಕಡಿಮೆ ಮಳೆಯ ಜಿಲ್ಲೆಗಳಲ್ಲೊಂದಾದ ಅನಂತಪುರಕ್ಕೆ ಅದೇನು ಹೊಸದಲ್ಲ.

ನಾಯಿಗೆ ಚಾಕೊಲೇಟ್ ಕೊಡಬೇಡಿ ಎಂಬ ಎಚ್ಚರಿಕೆ ಎಲ್ಲರ ಮೊಬೈಲಿಗೂ ಬಂದಿದೆ. ಮಾತು ನಿಜ. ಆದರೆ ಕುರಿಹಟ್ಟಿಯ ನಾಯಿಗೆ ಸಿಗುವುದು ಮಿಕ್ಕ ಚಿತ್ರಾನ್ನ, ಈರುಳ್ಳಿ ಹುಳಿ, ಮದುವೆ ಮನೆಯ ಬಿರಿಯಾನಿ. ಹತ್ತು ಕೆ.ಜಿ. ತೂಗುವ ನಾಯಿಯ ರಕ್ತಕಣ ಒಡೆಯಲು ಮಧ್ಯಮ ಗಾತ್ರದ ಎರಡು ಈರುಳ್ಳಿ ಸಾಕು, ಬೇಯಿಸಿದ್ದಾದರೂ ಅಷ್ಟೇ. ದಿನವೂ ಸ್ವಲ್ಪ ಸ್ವಲ್ಪ ತಿಂದರೂ ಅಪಾಯವೇ. ಮೂತ್ರ ಕೆಂಪಾಗಿ ನಾಯಿ ಮೂಲೆ ಹಿಡಿಯುವುದು ಎಷ್ಟೋ ಸಲ ಮೂರ್ನಾಲ್ಕು ದಿನದ ಮೇಲೆ. ಅಷ್ಟರಲ್ಲಿ ಊಟದ ಸಂಗತಿ ಯಾರಿಗೂ ನೆನಪಿರುವುದಿಲ್ಲ. ಹಾವು ಮುಟ್ಟಿರಬೇಕು, ಯಾರೋ ಮದ್ದು ಹಾಕಿರಬೇಕು ಎಂದುಕೊಳ್ಳುತ್ತಾರೆ.

ಮಡಕಶಿರಾ ಕಡೆ ಹುಣಸೆಯ ಚಿಂತೆಯೂ ಇದೆ. ಪಕ್ಕದ ಹಿಂದೂಪುರವೇ ದೊಡ್ಡ ಹುಣಸೆ ಮಾರುಕಟ್ಟೆ. ದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಏಕೆ ಕೆಡುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು. ಈಚಿನ ವರ್ಷಗಳಲ್ಲಿ ಅಮೆರಿಕದ ಪಶುವೈದ್ಯರು ಟಾರ್ಟಾರಿಕ್ ಆಮ್ಲದತ್ತ ಬೊಟ್ಟು ಮಾಡಿದ್ದಾರೆ; ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಅದೇ ತೊಂದರೆ ಕಂಡಿದ್ದಾರೆ. ಹುಣಸೆ ಕುಟ್ಟುವ ಅಂಗಳದಲ್ಲಿ ಮರಿಗಳನ್ನು ಬಿಡಬಾರದು.

ಮೈಲಾರಲಿಂಗನ ಒಕ್ಕಲಿನವರಿಗೆ ನಾಯಿ ದೇವರ ಜೊತೆಗಾರ. ಇಲ್ಲಿ ಅದರ ಮೇಲೆ ಪ್ರೀತಿಗೆ ಬರವಿಲ್ಲ. ಒಗ್ಗರಣೆಗೆ ಮುನ್ನ ಒಂದು ತುತ್ತು ಮುದ್ದೆ, ಬರೀ ಅನ್ನ, ಬೇಯಿಸಿದ ಮೊಟ್ಟೆ ತೆಗೆದಿಟ್ಟರೆ ಅದಕ್ಕೆ ಸಾಕು. ತಿಳಿಸಿ ಹೇಳುವವರು ಬೇಕು. ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದರೂ ರಾಯದುರ್ಗ, ಮಡಕಶಿರಾ ಎರಡೂ ಕಡೆಯ ಎಷ್ಟೋ ಮನೆಗಳ ಮಾತು ಕನ್ನಡವೇ. ಪ್ರತಿವರ್ಷ ಜುಲೈ 6ರಂದು ಪಶುಸಂಗೋಪನಾ ಇಲಾಖೆ ನಾಯಿಗಳಿಗೆ ಉಚಿತವಾಗಿ ರೇಬೀಸ್ ಲಸಿಕೆ ಹಾಕುತ್ತದೆ. ಅಂದು ನಾಯಿ ಹಿಡಿದು ಬಂದವರ ಕೈಗೆ ಶೇಂಗಾ, ಈರುಳ್ಳಿ, ಹುಣಸೆ, ದ್ರಾಕ್ಷಿಯ ಚಿತ್ರವಿರುವ ಒಂದು ಚೀಟಿಯನ್ನು ತೆಲುಗಿನ ಜೊತೆ ಕನ್ನಡದಲ್ಲೂ ಅಚ್ಚು ಹಾಕಿಸಿ ಕೊಡಲಿ.