ರಸ್ತೆ ಪರೀಕ್ಷೆ ನಡೆದದ್ದು ಎಷ್ಟು ಗಂಟೆಗೆ?

ನವೆಂಬರ್ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಡಾಂಬರು ರಸ್ತೆಗಳ ಮೇಲೆ ಕಬ್ಬಿನದೇ ದರ್ಬಾರು. ಒಂದೊಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್. ಸಕ್ಕರೆ ಕಾರ್ಖಾನೆಗಳತ್ತ ತೆವಳುವ ಸಾಲು. ಕೆಳಗೆ ಎರೆ ಮಣ್ಣು. ರಸ್ತೆ ಕಿತ್ತುಹೋದರೆ ಬೈಗುಳವೆಲ್ಲ ಗುತ್ತಿಗೆದಾರನಿಗೆ. ಅದರಲ್ಲಿ ನ್ಯಾಯ ಇಲ್ಲದಿಲ್ಲ. ಆದರೆ ಹಳೇ ರಸ್ತೆಯ ಮೇಲೆ ಎಷ್ಟು ದಪ್ಪ ಡಾಂಬರು ಹಾಕಬೇಕೆಂದು ಹೇಳುವ ಪರೀಕ್ಷೆ ಯಾವ ತಿಂಗಳು, ಎಷ್ಟು ಗಂಟೆಗೆ ನಡೆಯಿತು ಎಂದು ಕೇಳಿದವರು ಕಡಿಮೆ.

ಹಳೆಯ ವಿಧಾನ ಬೆಂಕೆಲ್‌ಮನ್ ಬೀಮ್. ಹಿಂದಿನ ಅಚ್ಚಿನ ಮೇಲೆ 8,170 ಕಿಲೊ ಹೊತ್ತ ಲಾರಿಯ ಜೋಡಿ ಗಾಲಿಗಳ ನಡುವೆ ಉದ್ದನೆಯ ತೊಲೆ ತೂರಿಸಿ, ಲಾರಿ ಮುಂದೆ ಸರಿದಾಗ ರಸ್ತೆ ಎಷ್ಟು ಮೇಲೆದ್ದಿತೆಂದು ಅಳೆಯುತ್ತಾರೆ. ಡಾಂಬರಿನಲ್ಲಿ ತೂತು ಕೊರೆದು, ಗ್ಲಿಸರಾಲ್ ತುಂಬಿ, ಥರ್ಮಾಮೀಟರ್ ಇಳಿಸುವುದೂ ಇದೇ ಪರೀಕ್ಷೆಯ ಭಾಗ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1997ರ ಮಾರ್ಗಸೂಚಿಗೆ 35 ಡಿಗ್ರಿಯೇ ಅಳತೆಗೋಲು. ಡಾಂಬರಿನ ಉಷ್ಣತೆ ಅದಕ್ಕಿಂತ ಕಡಿಮೆಯಿದ್ದರೆ ಪ್ರತಿ ಡಿಗ್ರಿಗೂ ಅಳತೆಗೆ 0.01 ಮಿ.ಮೀ. ಕೂಡಿಸಬೇಕು, ಹೆಚ್ಚಿದ್ದರೆ ಕಳೆಯಬೇಕು. ಚಳಿಗಾಲದ ಬೆಳಿಗ್ಗೆ 25 ಡಿಗ್ರಿಯಲ್ಲಿ ಅಳೆದು, ಕೂಡಿಸುವುದನ್ನು ಮರೆತರೆ ಸೊರಗಿದ ರಸ್ತೆಯೂ ಗಟ್ಟಿಯಾಗಿ ಕಾಣುತ್ತದೆ.

ಭಾರವನ್ನು ಎತ್ತಿ ಬೀಳಿಸಿ ಅಳೆಯುವ ಹೊಸ ಯಂತ್ರಕ್ಕೂ ಉಷ್ಣತೆಯ ಕಾಟ ತಪ್ಪಿಲ್ಲ. ಅದೇ ಸಂಸ್ಥೆಯ 2014ರ ಮಾರ್ಗಸೂಚಿಯ ಸೂತ್ರದಲ್ಲಿ ಲೆಕ್ಕ ಹಾಕಿದರೆ, 25 ಡಿಗ್ರಿಯಲ್ಲಿರುವ ಡಾಂಬರು ಪದರದ ಬಿಗುವು 45 ಡಿಗ್ರಿಯಲ್ಲಿರುವುದಕ್ಕಿಂತ ಸುಮಾರು ಎರಡೂವರೆ ಪಟ್ಟು. ರಸ್ತೆ ಅದೇ, ಡಾಂಬರೂ ಅದೇ!

ಈ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ಏಪ್ರಿಲ್‌ನಲ್ಲಿ ಮೇಲಿನ ಡಾಂಬರು ಮೆತ್ತಗಾಗುತ್ತದೆ, ಕೆಳಗಿನ ಎರೆ ಮಣ್ಣು ಒಣಗಿ ಬಿರುಸಾಗುತ್ತದೆ. ಮಳೆ ಮುಗಿದಾಗ ಇದು ತಿರುಗುಮುರುಗು. ಆದ್ದರಿಂದಲೇ ಮಳೆಗಾಲ ಮುಗಿದ ಕೂಡಲೇ, ಮಣ್ಣು ತೀರ ದುರ್ಬಲವಾಗಿದ್ದಾಗ ಅಳೆಯುವುದು ಉತ್ತಮ ಎನ್ನುತ್ತದೆ ಮಾರ್ಗಸೂಚಿ. ಬೇರೆ ಕಾಲದಲ್ಲಿ ಅಳೆದರೆ ತೇವಾಂಶದ ತಿದ್ದುಪಡಿಯೂ ಸೇರಬೇಕು. ಬೇಸಿಗೆಯ ಅಂಕಿಯಿಂದ ಬಿಸಿಲಿನ ಲೆಕ್ಕವನ್ನಷ್ಟೇ ಕಳೆದು ಮಣ್ಣನ್ನು ಮರೆತರೆ ಡಾಂಬರಿನ ದಪ್ಪ ಕಡಿಮೆ ಬೀಳುತ್ತದೆ.

ಕಬ್ಬಿನ ಗಾಡಿಯ ವೇಗವನ್ನೂ ಮರೆಯುವಂತಿಲ್ಲ. ಹೊಸ ಯಂತ್ರದ ಪೆಟ್ಟು ಸೆಕೆಂಡಿನ ಸಣ್ಣದೊಂದು ತುಣುಕಿನಲ್ಲಿ ಮುಗಿಯುತ್ತದೆ. ತುಂಬಿದ ಟ್ರೇಲರ್ ಒಂದೇ ಜಾಗವನ್ನು ಎಷ್ಟೋ ಹೆಚ್ಚು ಹೊತ್ತು ಒತ್ತುತ್ತದೆ. ನಿಧಾನದ ಭಾರಕ್ಕೆ ಡಾಂಬರು ಹೆಚ್ಚು ಬಾಗುತ್ತದೆ, ಬಿಸಿಲೇರಿದಂತೆ ವರ್ತಿಸುತ್ತದೆ. ಕಾರ್ಖಾನೆಯ ಗೇಟಿನ ಮುಂದೆ ಗಾಡಿಗಳು ಸಾಲುಗಟ್ಟಿ ನಿಲ್ಲುವ ಜಾಗಕ್ಕೂ ಹೆದ್ದಾರಿಗೂ ಒಂದೇ ಲೆಕ್ಕ ಹಾಕುವುದು ಸರಿಯಲ್ಲ.

ಹಾಗಾಗಿ ಲೋಕೋಪಯೋಗಿ ಇಲಾಖೆ ಈ ತಾಲ್ಲೂಕುಗಳಲ್ಲಿ ರಸ್ತೆ ಬಲಪಡಿಸುವ ಟೆಂಡರ್ ಕರೆಯುವಾಗ ಪರೀಕ್ಷೆಯ ದಿನಾಂಕ, ಗಂಟೆ, ಡಾಂಬರಿನೊಳಗಿನ ಉಷ್ಣತೆ, ಮಣ್ಣಿನ ತೇವಾಂಶ, ತಿದ್ದುಪಡಿಗೆ ಮುಂಚಿನ ಹಾಗೂ ನಂತರದ ಅಂಕಿ ಎಲ್ಲವನ್ನೂ ಜನರಿಗೆ ಕಾಣುವಂತೆ ಪ್ರಕಟಿಸಲಿ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ನಿಯಮದಂತೆ ಪರೀಕ್ಷೆ ನಡೆದಿದ್ದರೆ ಈ ಅಂಕಿಗಳೆಲ್ಲ ಕಡತದಲ್ಲೇ ಇರಬೇಕು.