ದೈವಕರೆಯ ಪಾಠ ಸುಮನಹಳ್ಳಿಯಲ್ಲಿ ನಡೆಯಲಿ

ದೃಢೀಕರಣ ಸಂಸ್ಕಾರಕ್ಕೆ ಸಿದ್ಧವಾಗುವ ಮಕ್ಕಳಿಗೆ ಬಸವೇಶ್ವರನಗರದಲ್ಲಿ ಭಾನುವಾರದ ಧರ್ಮೋಪದೇಶ ಹೇಳಿಕೊಡುತ್ತೇನೆ. ಈಚೆಗೆ ಪಿಯುಸಿ ಹುಡುಗಿಯೊಬ್ಬಳು ತರಗತಿ ಮುಗಿದ ಮೇಲೂ ಕೂತೇ ಇದ್ದಳು. ‘ಮಿಸ್, ನನಗಾಗಿ ದೇವರ ಯೋಜನೆ ಇದೆ ಅಂತ ಎಲ್ಲರೂ ಹೇಳ್ತಾರೆ. ಅದು ನನಗೆ ಗೊತ್ತೇ ಆಗದೆ ಹೋದರೆ?’ ಎಂದಳು. ಅವಳ ಕಣ್ಣಲ್ಲಿ ನಿಜವಾದ ಭಯವಿತ್ತು. ಆ ಭಯವನ್ನು ಹುಟ್ಟಿಸಿದವರು ನಾವೇ, ದೊಡ್ಡವರು. ಧ್ಯಾನಕೂಟಗಳಲ್ಲಿ ಮಕ್ಕಳನ್ನು ಕೂರಿಸಿ, ಕಣ್ಣು ಮುಚ್ಚಿಸಿ, ‘ನೀನು ಯಾರೆಂದು ಒಳಗೆ ಹುಡುಕು’ ಎನ್ನುತ್ತೇವೆ. ಹದಿನಾರರ ಹುಡುಗಿ ಒಳಗೆ ಹುಡುಕಿದರೆ ಸಿಗುವುದು ಸಿಇಟಿ ರ‍್ಯಾಂಕಿನ ಚಿಂತೆ, ಪಕ್ಕದ ಮನೆಯವಳ ಜೊತೆಗಿನ ಹೋಲಿಕೆ.

ಕ್ರೈಸ್ತರಿಗೆ ಗುರುತು ಹುಡುಕಿಕೊಳ್ಳುವ ವಸ್ತುವೇ ಅಲ್ಲ, ಅದು ಕೊಟ್ಟಾಗಿದೆ. ಏನೂ ಸಾಧಿಸದ ಕೂಸಿನ ತಲೆಗೆ ನೀರು ಹೊಯ್ದು, ಹೆಸರು ಹಿಡಿದು ಕರೆದಾಗಲೇ ಆ ಕೆಲಸ ಮುಗಿಯಿತು. ಉಳಿದಿರುವುದು ನಾವು ಯಾರಿಗೆ ಒದಗಬೇಕು ಎಂಬ ಪ್ರಶ್ನೆ. ಅದಕ್ಕೆ ಉತ್ತರ ಹೊರಗಿನಿಂದ, ಇನ್ನೊಬ್ಬರ ಅಗತ್ಯದ ರೂಪದಲ್ಲಿ ಬರುತ್ತದೆ ಎಂಬುದು ನನ್ನ ನಂಬಿಕೆ.

ಕರೆ ಹೀಗೆ ಹೊರಗಿನಿಂದ ಬರುವುದಕ್ಕೆ ಉತ್ತಂಗಿ ಚನ್ನಪ್ಪನವರನ್ನು ನೋಡಿ. ಬಾಸೆಲ್ ಮಿಶನ್ನಿನ ಪಾದ್ರಿ. ಕ್ರಿಸ್ತನ ಸುವಾರ್ತೆ ಸಾರುತ್ತಿದ್ದವರನ್ನು ಹಿಡಿದು ನಿಲ್ಲಿಸಿದ್ದು ಹಳ್ಳಿಗರ ಬಾಯಲ್ಲಿದ್ದ ಸರ್ವಜ್ಞ. ವರ್ಷಗಟ್ಟಲೆ ಕೂಡಿಹಾಕಿದ ತ್ರಿಪದಿಗಳನ್ನು 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕೊನೆಯವರೆಗೂ ಕ್ರೈಸ್ತರಾಗಿಯೇ ಬಾಳಿದರು.

ನಮ್ಮ ಮಕ್ಕಳಿಗೆ ಅಷ್ಟು ದೂರದ ಉದಾಹರಣೆಯೂ ಬೇಡ. ಸುಮನಹಳ್ಳಿ ಎಂದರೆ ವಿಜಯನಗರ, ರಾಜಾಜಿನಗರದವರಿಗೆ ಮಾಗಡಿ ರಸ್ತೆಯ ಮೇಲ್ಸೇತುವೆ, ವಾಹನ ದಟ್ಟಣೆ, ಅಷ್ಟೆ. ಅಲ್ಲೇ ಪಕ್ಕದಲ್ಲಿ ಕುಷ್ಠರೋಗ ತಗುಲಿದವರ ಪುನರ್ವಸತಿ ಕೇಂದ್ರವಿದೆ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1970ರ ದಶಕದ ಕೊನೆಯಲ್ಲಿ, ಸರ್ಕಾರದ ಕೋರಿಕೆಯ ಮೇರೆಗೆ ಬೆಂಗಳೂರು ಮಹಾಧರ್ಮಕ್ಷೇತ್ರ ಹೊಣೆ ಹೊತ್ತು ಶುರುಮಾಡಿದ್ದು. ಮುಂದೆ ಎಚ್‌ಐವಿ ಸೋಂಕಿತರಿಗೂ ಅದು ಬಾಗಿಲು ತೆರೆಯಿತು.

ಕುಷ್ಠ ನರಗಳನ್ನು ಕೊಲ್ಲುತ್ತದೆ. ಪಾದಕ್ಕೆ ಗಾಜು ಹೊಕ್ಕರೂ ತಿಳಿಯದು. ಗಾಯ ಕೊಳೆತು ಕಡೆಗೆ ಬೆರಳೇ ಹೋಗುತ್ತದೆ. ಹಾಗಾಗಿ ಅಂಥ ಪಾದಗಳಿಗೆ ಬೇರೆಯದೇ ಪಾದರಕ್ಷೆ ಬೇಕು: ಒಳಗೆ ಮೆತ್ತನೆಯ ಮೈಕ್ರೊಸೆಲ್ಯುಲರ್ ರಬ್ಬರು (ಎಂಸಿಆರ್), ಕೆಳಗೆ ಗಟ್ಟಿ ಅಟ್ಟೆ, ಜಾರದಂತೆ ಹಿಮ್ಮಡಿಗೆ ಪಟ್ಟಿ. ಮೊಳೆ ಹೊಡೆಯುವಂತಿಲ್ಲ, ಅಂಟಿಸಬೇಕು, ಹೊಲಿಯಬೇಕು. ಬೆರಳುಗಳು ಒಳಕ್ಕೆ ಮಡಚಿಹೋದ ಹಿರಿಯರೊಬ್ಬರು ಇಂಥ ಒಂದು ಜೋಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದುದನ್ನು ಕಂಡಿದ್ದೇನೆ. ಸ್ಪರ್ಶವಿಲ್ಲದ ಬೆರಳನ್ನು ನಂಬದೆ, ಹೊಲಿಗೆಯ ಒಳಗಂಚನ್ನು ಕೆನ್ನೆಗೆ ಒತ್ತಿ ಉಜ್ಜಿದರು. ಎಲ್ಲೋ ಒರಟು ಸಿಕ್ಕಿತು. ಕತ್ತರಿಸಿ ಮತ್ತೆ ಹೊಲಿಯಲು ಕೊಟ್ಟರು. ತನಗಾದದ್ದು ಇನ್ನೊಬ್ಬನ ಪಾದಕ್ಕೆ ಆಗಬಾರದೆಂದು ಅಷ್ಟು ಕಾಳಜಿ. ದೈವಕರೆಯ ಬಗ್ಗೆ ನಾನು ಕೇಳಿದ ಯಾವ ಪ್ರಬೋಧನೆಯೂ ನನ್ನನ್ನು ಇಷ್ಟು ಅಲುಗಿಸಿಲ್ಲ.

ಇವರಿಗೆ ಲೋಕ ಕೊಟ್ಟ ಗುರುತು ಎಂಥದು? ಮೋಶೆಯ ಕಾಲದ ನಿಯಮದಂತೆ ಕುಷ್ಠರೋಗಿ ಪಾಳೆಯದ ಹೊರಗಿದ್ದು, ತಾನು ಅಶುದ್ಧನೆಂದು ತಾನೇ ಕೂಗಿಕೊಳ್ಳಬೇಕಿತ್ತು. ಅದು ಹಳೆಯ ಕಾಲದ್ದು ಎನ್ನುವಂತಿಲ್ಲ. ನಮ್ಮ ದೇಶದಲ್ಲಿ ಕ್ರೈಸ್ತರ ವಿಚ್ಛೇದನಕ್ಕಿರುವ 1869ರ ಕಾಯ್ದೆಯಲ್ಲಿ ಸಂಗಾತಿಯ ಕುಷ್ಠ ಒಂದು ಕಾರಣವಾಗಿ ಕೂತಿತ್ತು. ಹಿಂದೂ ವಿವಾಹ ಕಾಯ್ದೆಯಲ್ಲೂ ಇತ್ತು. ತೆಗೆದದ್ದು 2019ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಬಹು ಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿದ್ದು 1981ರಲ್ಲಿ. ಆರು ತಿಂಗಳಿಂದ ಒಂದು ವರ್ಷ ಉಚಿತ ಮಾತ್ರೆ ನುಂಗಿದರೆ ಗುಣವಾಗುವ ರೋಗದ ಹೆಸರಲ್ಲಿ ಮದುವೆ ಮುರಿಯಲು ಕಾನೂನು ಅಷ್ಟು ವರ್ಷ ಒಪ್ಪಿಗೆ ಕೊಟ್ಟಿತ್ತು. ಶುಭಸಂದೇಶದಲ್ಲಿ ಯೇಸುಸ್ವಾಮಿ ಕುಷ್ಠರೋಗಿಯನ್ನು ಗುಣಪಡಿಸಿ ಆಮೇಲೆ ಮುಟ್ಟಿದ್ದಲ್ಲ. ಮೊದಲು ಕೈಚಾಚಿ ಮುಟ್ಟಿದರು, ಗುಣವಾದದ್ದು ಅನಂತರ. ಈ ಕ್ರಮವನ್ನು ಮಕ್ಕಳಿಗೆ ಒತ್ತಿ ಒತ್ತಿ ಹೇಳುತ್ತೇನೆ.

ಆದ್ದರಿಂದ ನಮ್ಮ ಭಾಗದ ಧರ್ಮಕೇಂದ್ರಗಳ ಗುರುಗಳಲ್ಲಿ, ಹೆತ್ತವರಲ್ಲಿ ಒಂದು ವಿನಂತಿ. ದೃಢೀಕರಣಕ್ಕೆ ಮುಂಚಿನ ಕೆಲವು ಶನಿವಾರಗಳಾದರೂ ಮಕ್ಕಳನ್ನು ಇಂಥ ಕಡೆಗೆ ಕಳಿಸಿ. ಕ್ರಿಸ್ಮಸ್ ಹಿಂದಿನ ದಿನ ಹಣ್ಣು ಹಂಚಿ, ಫೋಟೊ ತೆಗೆಸಿಕೊಂಡು ಬರುವ ಭೇಟಿ ಬೇಡ. ಅದು ಅಲ್ಲಿರುವವರಿಗೆ ಅವಮಾನ. ಅವರು ನಮ್ಮ ಮಕ್ಕಳ ಪಾಠಕ್ಕಿಟ್ಟ ಗೊಂಬೆಗಳಲ್ಲ. ಅಲ್ಲಿಯವರು ಒಪ್ಪಿದರೆ, ಅವರಿಗೆ ಬೇಕಾದ ಕೆಲಸಕ್ಕೆ, ಅವರ ಕೈಕೆಳಗೆ ಹೋಗಲಿ. ಚರ್ಮ ಕತ್ತರಿಸುವುದನ್ನು ಕಲಿಯಲಿ, ಗಾಯದ ಪಟ್ಟಿ ಸುತ್ತುವುದನ್ನು ನೋಡಲಿ, ತಪ್ಪಿದರೆ ಬೈಸಿಕೊಳ್ಳಲಿ. ಕೆಲವರಿಗೆ ಇದು ತಮ್ಮ ಕೆಲಸವಲ್ಲವೆಂದು ಗೊತ್ತಾಗುತ್ತದೆ, ಅದೂ ಒಳ್ಳೆಯದೇ. ಆ ಹುಡುಗಿಗೆ ನಾನು ಹೇಳಿರುವುದೂ ಇಷ್ಟೇ: ದೇವರ ಯೋಜನೆ ನಿನ್ನ ಕೈತಪ್ಪುವುದಿಲ್ಲ, ಮುಂದಿನ ಶನಿವಾರ ಬಾ, ಒಟ್ಟಿಗೆ ಹೋಗಿ ಅಲ್ಲಿ ಏನು ಕೆಲಸವಿದೆಯೆಂದು ಕೇಳೋಣ.