ಒಂದೇ ಉಪವಾಸ ವರ್ಷವಿಡೀ ನಡೆಯುವುದಿಲ್ಲ

ಮೂರು ವರ್ಷದ ಹಿಂದೆ ನಾನೂ ಎಲ್ಲರಂತೆ 16 ಗಂಟೆ ಉಪವಾಸ, 8 ಗಂಟೆಯೊಳಗೆ ಊಟ ಎಂಬ ನಿಯಮ ಹಿಡಿದೆ. ಬರೀ ಕಪ್ಪು ಚಹಾ ಕುಡಿದು ಡೊಂಬಿವಲಿಯ ಲೋಕಲ್ ಹತ್ತುತ್ತಿದ್ದೆ. ಐದು ತಿಂಗಳಲ್ಲಿ 9 ಕೆ.ಜಿ. ಇಳಿಯಿತು. ಆಮೇಲೆ ತೂಕ ನಿಂತಲ್ಲೇ ನಿಂತಿತು. 16 ಗಂಟೆಯನ್ನು 18 ಮಾಡಿದೆ. ಗಣಪತಿ ಹಬ್ಬಕ್ಕೆ ಧಾರವಾಡಕ್ಕೆ ಹೋದಾಗ ಅಮ್ಮ ಮಾಡಿದ ಕಡುಬಿನ ಎದುರು ನಿಯಮ ಮುರಿಯಿತು. ಮುರಿದದ್ದು ಮತ್ತೆ ಕೂಡಲಿಲ್ಲ. ಯುಗಾದಿಯ ಹೊತ್ತಿಗೆ 7 ಕೆ.ಜಿ. ವಾಪಸ್ ಬಂದಿತ್ತು.

ನನಗೆ ಮನೋಬಲ ಸಾಲದು ಅಂದುಕೊಂಡಿದ್ದೆ. ಈಗ ನನಗೆ ನಿಯಮದಲ್ಲೇ ತಪ್ಪು ಕಾಣುತ್ತದೆ. ಅದಕ್ಕೆ ಬಿಡುವೂ ಇರಲಿಲ್ಲ, ಕೊನೆಯೂ ಇರಲಿಲ್ಲ.

ಊಟ ಕಡಿಮೆಯಾದರೆ ದೇಹವೂ ಖರ್ಚು ಕಡಿಮೆ ಮಾಡುತ್ತದೆ. 1944-45ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ಇದನ್ನು ಅಳೆದರು. ಅವರ ದೇಹ ಸುಡುವ ಶಕ್ತಿ ಕುಗ್ಗಿತು, ಮನಸ್ಸಿನ ತುಂಬ ಊಟದ್ದೇ ಯೋಚನೆ ತುಂಬಿತು. ತಿಂಗಳುಗಟ್ಟಲೆ ಡಯಟ್ ಮಾಡಿದವರಿಗೆ ಎರಡೂ ಗೊತ್ತಿರುತ್ತದೆ.

ಆಸ್ಟ್ರೇಲಿಯಾದಲ್ಲಿ ನುವಾಲಾ ಬರ್ನ್ ಅವರ ತಂಡ 2017ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿತು. ಬೊಜ್ಜಿದ್ದ ಗಂಡಸರಲ್ಲಿ ಒಂದು ಗುಂಪು ಸತತ 16 ವಾರ ಕಡಿಮೆ ತಿಂದಿತು. ಇನ್ನೊಂದು ಗುಂಪು ಎರಡು ವಾರ ಕಡಿಮೆ, ಎರಡು ವಾರ ದೇಹಕ್ಕೆ ಬೇಕಾದಷ್ಟು, ಹೀಗೆ ಬದಲಿಸುತ್ತ ಅದೇ 16 ವಾರಗಳನ್ನು ಪೂರೈಸಿತು. ಮೊದಲ ಗುಂಪು ಸುಮಾರು 9 ಕೆ.ಜಿ. ಇಳಿದರೆ ಎರಡನೆಯದು ಸುಮಾರು 14. ಇದು ಸಣ್ಣ ಪ್ರಯೋಗ. ಎಲ್ಲರಿಗೂ ಇಷ್ಟೇ ಲಾಭವೆಂದು ಹೇಳಲಾಗದು. ಆದರೆ ಬಿಡುವು ಕೊಟ್ಟರೆ ಎಲ್ಲ ಹಾಳಾಗುತ್ತದೆ ಎಂಬ ಭಯಕ್ಕೆ ಇದು ಉತ್ತರ. ಗಡಿಯಾರದಲ್ಲೂ ಮಂತ್ರವಿಲ್ಲ. ಚೀನಾದ ಗ್ವಾಂಗ್‌ಜೌನಲ್ಲಿ 139 ಜನರ ಮೇಲೆ ಒಂದು ವರ್ಷ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ಯಾಲರಿ ಕಡಿಮೆ ಮಾಡಿದವರು 8 ಗಂಟೆಯೊಳಗೆ ತಿಂದರೂ ದಿನವಿಡೀ ತಿಂದರೂ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ.

ಈ ಬದಲಾವಣೆಯ ಲೆಕ್ಕ ನಮ್ಮಜ್ಜಿಗೆ ಹೊಸದಲ್ಲ. ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ಸೊಪ್ಪು ತರಕಾರಿ ಬಿಡುತ್ತಿದ್ದಳು, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಬೇಳೆಕಾಳು. ಏಕಾದಶಿಯ ಮರುದಿನ ದ್ವಾದಶಿಯ ಪಾರಣೆ. ಅವಳು ಮಾಡಿದ್ದು ದೇವರಿಗಾಗಿ, ತೂಕಕ್ಕಲ್ಲ. ಆದರೂ ಆ ಏರ್ಪಾಟಿನಲ್ಲಿ ಕಲಿಯುವುದಿದೆ: ಬಿಡುವ ಪದಾರ್ಥ ಬದಲಾಗುತ್ತದೆ, ಮುಗಿಯುವ ದಿನ ಮೊದಲೇ ಗೊತ್ತಿರುತ್ತದೆ. ನಾವೋ ಏಕಾದಶಿಗೆ ಆಲೂಗಡ್ಡೆ, ಶೇಂಗಾ, ತುಪ್ಪ ಸುರಿದ ಸಾಬುದಾಣೆ ಖಿಚಡಿಯನ್ನು ಎರಡು ಪ್ಲೇಟ್ ಹೊಡೆಯುತ್ತೇವೆ. 'ಏಕಾದಶಿ, ದುಪ್ಪಟ್ ಖಾಶಿ' ಎಂದು ನಮ್ಮ ಮರಾಠಿ ನೆರೆಯವರು ಸುಮ್ಮನೆ ಹೇಳಲಿಲ್ಲ.

ಈಗ ನನ್ನ ಕ್ಯಾಲೆಂಡರಿನಲ್ಲಿ ಎರಡು ವಾರ ಬಿಗಿ: ರಾತ್ರಿ ಒಂದೇ ರೊಟ್ಟಿ, ಜೊತೆಗೆ ಕಾಳುಪಲ್ಯ, ಸೋಮವಾರ ಒಪ್ಪತ್ತು. ಮುಂದಿನೆರಡು ವಾರ ಹೊಟ್ಟೆ ತುಂಬ ಊಟ, ಆದರೆ ಹಬ್ಬದೂಟ ಒಂದೇ ದಿನ. ಊರಿಗೆ ಹೋಗುವುದನ್ನು ಈ ವಾರಗಳಿಗೇ ಹೊಂದಿಸುತ್ತೇನೆ. ಬಿಡುವು ಕೊಟ್ಟರೆ ಶಿಸ್ತು ಸಡಿಲವಾಗುತ್ತದೆ ಎಂದು ಹೆಂಡತಿ ಎಚ್ಚರಿಸಿದ್ದಳು. ಬಿಡುವಿಗೂ ತಾರೀಖು ಹಾಕಿದ್ದರಿಂದ ಹಾಗಾಗಲಿಲ್ಲ. ಹತ್ತು ತಿಂಗಳಲ್ಲಿ ಇಳಿದದ್ದು 6 ಕೆ.ಜಿ. ಮಾತ್ರ, ಆದರೆ ಈ ಸಲದ ಗಣಪತಿ ಹಬ್ಬ ಮುಗಿದ ಮೇಲೂ ಅದು ತಿರುಗಿ ಬಂದಿಲ್ಲ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಬೇಡಿ; ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬಸುರಿಯರಿಗೆ ಈ ಪ್ರಯೋಗ ಬೇಡವೇ ಬೇಡ. ಉಳಿದವರು ಹೊಸ ಡಯಟ್ ಹಿಡಿಯುವ ಮುನ್ನ ಅದನ್ನು ಯಾವತ್ತು ಬಿಡುತ್ತೀರಿ, ಯಾವತ್ತು ಮತ್ತೆ ಹಿಡಿಯುತ್ತೀರಿ ಎಂಬುದನ್ನೂ ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳಿ. ನಾನು ಮೊದಲ ಸಲ ಹಾಕಿರಲಿಲ್ಲ.